ಮೇಯೋ ಹಾಲ್: ಊದಿದವರು, ಒಪ್ಪಿಕೊಂಡವರು, ವಾದಿಸುವವರು

ಶನಿವಾರ ರಾತ್ರಿ ಬೆಂಗಳೂರು ಕುಡಿದದ್ದರ ಲೆಕ್ಕ ವಾರದ ದಿನಗಳಲ್ಲಿ ಮೇಯೋ ಹಾಲ್ ಆವರಣದಲ್ಲಿ ಚುಕ್ತಾ ಆಗುತ್ತದೆ. ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಪಬ್‌ಗಳಿಂದ ಇಲ್ಲಿನ ಸಂಚಾರ ನ್ಯಾಯಾಲಯಕ್ಕೆ ನಡೆದೇ ಬರಬಹುದು. ಅಂದು ರಾತ್ರಿ ನಡೆದೇ ಹೋಗಿದ್ದರೆ ಇಲ್ಲಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ ಎಂಬುದು ಇಲ್ಲಿಗೆ ಬಂದವರೆಲ್ಲರಿಗೂ ಗೊತ್ತು.

1872ರಲ್ಲಿ ಅಂಡಮಾನಿನಲ್ಲಿ ಕೈದಿಯೊಬ್ಬನ ಚಾಕುವಿಗೆ ಬಲಿಯಾದ ವೈಸರಾಯ್ ಲಾರ್ಡ್ ಮೇಯೋ ನೆನಪಿಗೆ ಕಟ್ಟಿ, 1883ರಲ್ಲಿ ತೆರೆದ ಕಟ್ಟಡವಿದು. ಮಹಡಿಯ ಮೇಲೆ ಕೆಂಪೇಗೌಡ ವಸ್ತುಸಂಗ್ರಹಾಲಯವಿದೆ. ಅದನ್ನು ನೋಡಲು ಬರುವವರು ಕಡಿಮೆ. ಕೋರ್ಟಿಗೆ ಬರುವವರೇ ಹೆಚ್ಚು, ಅದರಲ್ಲೂ ಇಷ್ಟವಿಲ್ಲದೆ ಬರುವವರು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೇಟಿನ ಬಳಿ ನಿಂತರೆ ಡಿಡಿ ಕೇಸಿನವರನ್ನು ಸುಲಭವಾಗಿ ಗುರುತಿಸಬಹುದು. ಡಿಡಿ ಎಂದರೆ ಪೊಲೀಸರ ಬಾಯಲ್ಲೂ ವಕೀಲರ ಬಾಯಲ್ಲೂ ಡ್ರಂಕನ್ ಡ್ರೈವಿಂಗ್. ಇವರ ಕೈಯಲ್ಲಿ ಹೆಲ್ಮೆಟ್ ಇಲ್ಲ, ಕಾರಿನ ಕೀ ಇಲ್ಲ. ಮಡಚಿದ ನೋಟಿಸೊಂದಿದೆ. ಗಾಡಿ ಠಾಣೆಯ ಮುಂದೆ ಧೂಳು ತಿನ್ನುತ್ತಿದೆ. ಇಸ್ತ್ರಿ ಅಂಗಿಯ ಸಾಫ್ಟ್‌ವೇರ್ ಹುಡುಗ, ಲಗೇಜ್ ಆಟೊದ ಚಾಲಕ, ಮಗನ ಜೊತೆ ಬಂದು ಮಗನ ಮುಖ ನೋಡದೆ ನಿಂತ ಅಪ್ಪ, ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ.

ನನಗೆ ಜಾಗ ತೋರಿಸಲು ಒಪ್ಪಿದ್ದು ತಲೆ ನರೆತ ವಕೀಲರೊಬ್ಬರು. ಹೆಸರು ಬೇಡ ಎಂದರು. ಮೆಟ್ಟಿಲ ಬಳಿ ಅವರಿಗಾಗಿ ಕಾಯುತ್ತಿದ್ದ ಡೆಲಿವರಿ ಹುಡುಗನದು ಒಂದೇ ಪ್ರಶ್ನೆ: “ಸಾರ್, ದುಡ್ಡು ಕಟ್ಬಿಟ್ರೆ ಮುಗೀತಲ್ವಾ?”

“ಕಟ್ಟೋದು ಸುಲಭ ಕಣಪ್ಪಾ. ಮೊದಲನೇ ಸಲಾನಾ, ಮುಂಚೆ ಯಾವತ್ತಾದ್ರೂ ಕಟ್ಟಿದ್ದೀಯಾ?”

ಹುಡುಗ ತಲೆ ತಗ್ಗಿಸಿದ. ವಕೀಲರು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಈ ಆವರಣದಲ್ಲಿ ವಕೀಲಿಕೆಯ ದೊಡ್ಡ ಪಾಲು ನಡೆಯುವುದು ನ್ಯಾಯಾಧೀಶರ ಮುಂದೆ ಅಲ್ಲ, ಇಂಥ ಮೂಲೆಗಳಲ್ಲಿ.

ಠಾಣೆಯಲ್ಲಿ ತೀರದ ದಂಡ

ಹೆಲ್ಮೆಟ್, ಸಿಗ್ನಲ್, ಪಾರ್ಕಿಂಗ್ ದಂಡಗಳನ್ನು ರಸ್ತೆಯಲ್ಲೋ ಮೊಬೈಲಿನಲ್ಲೋ ಕಟ್ಟಬಹುದು. ಕುಡಿದು ಓಡಿಸಿದ್ದನ್ನು ಹಾಗೆ ತೀರಿಸಲಾಗದು. ಮೋಟಾರು ವಾಹನ ಕಾಯ್ದೆ 1988ರ 185ನೇ ಸೆಕ್ಷನ್ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ಅದಕ್ಕೇ 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಹೊಸ ದಂಡಗಳು ಜಾರಿಯಾಗಿ, ಜನ ಗಲಾಟೆ ಮಾಡಿ, ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿದಾಗಲೂ ಇದರ ಮೊತ್ತ ಇಳಿಯಲಿಲ್ಲ.

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಎರಡನೆಯ ಸಲಕ್ಕೆ ದಂಡ 15,000, ಜೈಲು ಎರಡು ವರ್ಷದವರೆಗೆ. ಡೆಲಿವರಿ ಹುಡುಗನನ್ನು ಕೇಳಿದ ಮೊದಲ ಪ್ರಶ್ನೆಯ ಭಾರ ಇಷ್ಟು.

ಒಳಗೆ

ನ್ಯಾಯಾಲಯದ ಕೋಣೆ ಸಿನಿಮಾದಂತಿಲ್ಲ. ಬೆಂಚ್ ಕ್ಲರ್ಕ್ ಎದುರು ಕಡತಗಳ ರಾಶಿ, ಗೋಡೆಗೊರಗಿ ನಿಂತ ಪೊಲೀಸರು, ಬಾಗಿಲಲ್ಲಿ ಹೆಸರು ಕೂಗುವ ಸಿಬ್ಬಂದಿ. ಹೆಸರು ಕೂಗಿದೊಡನೆ ಒಳಗೆ ಹೋಗಿ ಕೈಕಟ್ಟಿ ನಿಲ್ಲಬೇಕು. ಆರೋಪ ಏನೆಂದು ಹೇಳಿ, ಒಪ್ಪುತ್ತೀರಾ ಎಂದು ಕೇಳುತ್ತಾರೆ. “ಒಪ್ತೀನಿ ಸ್ವಾಮಿ” ಎನ್ನುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟರಲ್ಲಿ ಒಂದು ಕೇಸು ಮುಗಿಯುತ್ತದೆ. ದಂಡದ ರಸೀತಿ ಹಿಡಿದು ಠಾಣೆಗೆ ಓಡಿದರೆ ಗಾಡಿ ಕೈಗೆ ಬರುತ್ತದೆ.

ಬಹಳ ಮಂದಿ ಹೀಗೇ ಮಾಡುತ್ತಾರೆ, ತಪ್ಪು ಮಾಡಿದವರಿಗೆ ಅದೇ ಸರಿಯೂ ಇರಬಹುದು. ಆದರೆ ಅವರು ಕಟ್ಟಿದ್ದು ಬರಿಯ ದಂಡವಲ್ಲ, ಅದೊಂದು ಶಿಕ್ಷೆಯ ತೀರ್ಪು. ಡಿಎಲ್ ಆರ್‌ಟಿಒಗೆ ಹೋಗುತ್ತದೆ. ಕುಡಿದು ಓಡಿಸಿದವರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಕ್ಯಾಬ್ ಓಡಿಸಿ ಮನೆ ನಡೆಸುವವನಿಗೆ ಹತ್ತು ಸಾವಿರಕ್ಕಿಂತ ಈ ಮೂರು ತಿಂಗಳೇ ದುಬಾರಿ. ಒಪ್ಪಿಕೊಳ್ಳುವ ಮೊದಲು ಇದನ್ನು ತಿಳಿಸಿ ಹೇಳುವುದೇ ವಕೀಲನ ಮೊದಲ ಕೆಲಸ ಎನ್ನುತ್ತಾರೆ ನನ್ನ ಜೊತೆಗಿದ್ದವರು. “ಕಕ್ಷಿದಾರ ಗೊತ್ತಿದ್ದು ಒಪ್ಪಿಕೊಂಡ್ರೆ ನನ್ನ ತಕರಾರಿಲ್ಲ. ಗೊತ್ತಿಲ್ಲದೆ ಒಪ್ಕೊಬಾರದು.”

ಗಡಿಯಾರದ ಮೇಲೆ ವಾದ

ಒಪ್ಪದವರ ಕೇಸು ವಾಯಿದೆಯಿಂದ ವಾಯಿದೆಗೆ ಉರುಳಿ ವಿಚಾರಣೆಗೆ ಬರುತ್ತದೆ. ಇಲ್ಲಿ ಭಾವುಕ ಭಾಷಣಕ್ಕೆ ಬೆಲೆಯಿಲ್ಲ. ಪಾಟಿಸವಾಲು ಪೂರ್ತಿ ಕಾಗದ ಮತ್ತು ಸಮಯದ ಸುತ್ತಲೇ.

ಮೊದಲ ಪ್ರಶ್ನೆ ಯಂತ್ರದ್ದು. ಊದಿಸುವ ಸಾಧನ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಒಪ್ಪಿದ ಬಗೆಯದಾಗಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದನ್ನು ಕೊನೆಯ ಸಲ ಕ್ಯಾಲಿಬ್ರೇಟ್ ಮಾಡಿಸಿದ್ದು ಯಾವಾಗ, ಪ್ರಮಾಣಪತ್ರ ಕಡತದಲ್ಲಿದೆಯೇ, ಯಂತ್ರ ಉಗುಳಿದ ಚೀಟಿಯ ಮೇಲಿನ ಸಮಯಕ್ಕೂ ದೂರಿನಲ್ಲಿ ಬರೆದ ಸಮಯಕ್ಕೂ ತಾಳೆಯಾಗುತ್ತದೆಯೇ, ಪ್ರತಿಯೊಬ್ಬರಿಗೂ ಹೊಸ ಕೊಳವೆ ಹಾಕಿದರೇ ಎಂದು ಕೇಳುತ್ತಾರೆ. ಬಾಯಿ ಮುಕ್ಕಳಿಸುವ ಔಷಧಿ ಬಳಸಿದ್ದರೂ ಆಗತಾನೇ ಗುಟುಕು ಕುಡಿದಿದ್ದರೂ ಬಾಯಲ್ಲೇ ಉಳಿದ ಮದ್ಯಸಾರ ಅಂಕಿಯನ್ನು ಏರಿಸುತ್ತದೆ. ಹದಿನೈದು ನಿಮಿಷ ಕಾದು ಮತ್ತೆ ಊದಿಸಿದರೆ ಆ ಅನುಮಾನ ಕಳೆಯುತ್ತದೆ. ಕಾದರೇ ಎಂಬುದೇ ಪ್ರಶ್ನೆ.

ಎರಡನೆಯದು ಎರಡು ಗಂಟೆಯ ನಿಯಮ. 202ನೇ ಸೆಕ್ಷನ್ ಪ್ರಕಾರ 185ರಡಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಂಧನದಿಂದ ಬಿಡಬೇಕು. “ಬಿಡುಗಡೆ ಬಂಧನದಿಂದ, ಕೇಸಿನಿಂದಲ್ಲ. ಇದನ್ನ ಕಿರಿಯ ವಕೀಲರೂ ಮರೀತಾರೆ” ಎಂದು ಅವರು ಎಚ್ಚರಿಸಿದರು. ನಿಯಮದ ಹಿಂದೆ ವಿಜ್ಞಾನವಿದೆ. ದೇಹ 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಮದ್ಯಸಾರವನ್ನು ಕರಗಿಸುತ್ತದೆ. ಎರಡು ಗಂಟೆ ಕಳೆದರೆ ಕಾನೂನಿನ ಮಿತಿಯಷ್ಟೇ ಪ್ರಮಾಣ ಇಳಿದುಹೋಗಬಹುದು.

ಮೂರನೆಯದು ರಕ್ತದ ಮಾದರಿ. ಸೂಜಿ ಚುಚ್ಚುವ ಮುನ್ನ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಬಾರದು. ಶೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು, ಇಲ್ಲವಾದರೆ ಕೆಟ್ಟ ರಕ್ತದಲ್ಲಿ ಸೂಕ್ಷ್ಮಜೀವಿಗಳೇ ಮದ್ಯಸಾರ ಹುಟ್ಟಿಸುತ್ತವೆ. ಮೊಹರು ಹಾಕಿದವರಾರು, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ದವರಾರು, ನಡುವೆ ಎಲ್ಲಿತ್ತು ಎಂಬ ಕೊಂಡಿಗಳಲ್ಲಿ ಒಂದು ಕಳಚಿದರೂ ವರದಿಯ ಬಲ ಕುಗ್ಗುತ್ತದೆ. ಬರೀ ವಾಸನೆ, ತೊದಲು ಮಾತು, ತಡವರಿಸುವ ನಡಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ 1971ರ ಬಚ್ಚುಭಾಯಿ ಕರ್ಯಾನಿ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ಊದಲು ನಿರಾಕರಿಸಿದರೆ ಬಚಾವಾಗಬಹುದು ಎಂದುಕೊಂಡವರಿಗೆ 205ನೇ ಸೆಕ್ಷನ್ ಕಾದಿದೆ. ಸಕಾರಣವಿಲ್ಲದ ನಿರಾಕರಣೆಯೇ ವಿರುದ್ಧ ಸಾಕ್ಷ್ಯಕ್ಕೆ ಪುಷ್ಟಿ ಕೊಡಬಹುದು.

ಗಾಡಿಯ ವಿಷಯವೂ ಇದೆ. ಕುಡಿಯದ, ಡಿಎಲ್ ಇರುವ ಜೊತೆಗಾರ ಪಕ್ಕದಲ್ಲೇ ಇದ್ದರೆ ವಾಹನವನ್ನು ಅವರ ಕೈಗೆ ಕೊಡಬೇಕೆಂದು ತೆಲಂಗಾಣ ಹೈಕೋರ್ಟ್ 2021ರಲ್ಲಿ ಹೇಳಿತು. ಆ ಆದೇಶ ನೇರವಾಗಿ ಕಟ್ಟಿಹಾಕುವುದು ಅಲ್ಲಿನ ಪೊಲೀಸರನ್ನು. ಇಲ್ಲಿನ ವಕೀಲರು ಅದನ್ನು ವಾದಕ್ಕೆ ಆಧಾರ ಮಾಡಿಕೊಳ್ಳಬಹುದು, ಅಷ್ಟೇ.

ಜೀವ ಹೋದಾಗ

ಸಾವು ಸಂಭವಿಸಿದ ಪ್ರಕರಣದ ಕಡತ ಕೈಗೆ ಬಂದರೆ ಅದೇ ವಕೀಲರ ಮಾತಿನ ಧಾಟಿ ಬದಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106(1)ರಡಿ ನಿರ್ಲಕ್ಷ್ಯದ ಸಾವೆಂದರೆ ಐದು ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಾಗಿ ಸಿಗುತ್ತದೆ. ಜನ ಸಾಯಬಹುದೆಂಬ ಅರಿವಿದ್ದೂ ಓಡಿಸಿದ ಎಂದು ಪೊಲೀಸರು 105 ಹಾಕಿದರೆ ಹತ್ತು ವರ್ಷದವರೆಗೆ ಜೈಲು, ಜಾಮೀನು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ವಿಚಾರಣೆ ಸೆಷನ್ಸ್ ಕೋರ್ಟಿಗೆ. ಈ ಎರಡು ಸಂಖ್ಯೆಗಳ ನಡುವಣ ಅಂತರವೇ ರಕ್ಷಣೆಯ ಇಡೀ ಕದನ.

ಕುಡಿತ ಈ ಗೆರೆಯನ್ನು ದಾಟಿಸಬಲ್ಲದು. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಏಳು ಮಂದಿ ಕಾರಿನಡಿ ಸತ್ತರು. ಕಾರು ಓಡಿಸುತ್ತಿದ್ದ ಅಲಿಸ್ಟರ್ ಪರೇರಾಗೆ, ಈಗಿನ 105ರ ಜಾಗದಲ್ಲಿದ್ದ ಹಳೆಯ ದಂಡ ಸಂಹಿತೆಯ 304 ಭಾಗ 2ರಡಿ ವಿಧಿಸಿದ ಮೂರು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. 1999ರ ದೆಹಲಿಯ ಬಿಎಂಡಬ್ಲ್ಯು ಪ್ರಕರಣದ ಸಂಜೀವ್ ನಂದಾ ವಿಷಯದಲ್ಲೂ ಅದೇ ವರ್ಷ ಅದೇ ಸೆಕ್ಷನ್ ನಿಂತಿತು.

ಕ್ರಿಮಿನಲ್ ಕೇಸು ಬಿದ್ದುಹೋದರೂ ವಿಮೆ ಕಂಪನಿ ಬಿಡಬೇಕೆಂದಿಲ್ಲ. ಪರ್ಲ್ ಬೆವರೇಜಸ್ ಕಂಪನಿಯ ಕಾರು ಅಪಘಾತದ ಪ್ರಕರಣದಲ್ಲಿ ಉಸಿರಿನ, ರಕ್ತದ ಪರೀಕ್ಷೆಯೇ ಇರಲಿಲ್ಲ. ಆದರೂ ಚಾಲಕ ಅಮಲಿನಲ್ಲಿದ್ದನೆಂದು ಸನ್ನಿವೇಶಗಳಿಂದ ತೀರ್ಮಾನಿಸಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟ್ ವಿಮೆ ಕಂಪನಿಯ ಪರ ನಿಂತಿತು. ಪೂರ್ತಿ ಹಾಳಾದ ಆ ಕಾರಿನ ಪರಿಹಾರ ಮಾಲೀಕರಿಗೆ ಸಿಗಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಕುಡಿದು ಓಡಿಸಿದವನನ್ನು ಇಷ್ಟು ಜತನದಿಂದ ಕಾಯಬೇಕೇ ಎಂದು ಕೇಳದೆ ಇರಲಾಗಲಿಲ್ಲ. ವಕೀಲರಿಗೆ ಇದು ಹಳೆಯ ಪ್ರಶ್ನೆ. “ಸರಿಯಾಗಿ ಪರೀಕ್ಷೆ ಮಾಡಿ, ಸರಿಯಾಗಿ ಬರೆದಿದ್ರೆ ನಾನೇನೂ ಮಾಡೋಕಾಗಲ್ಲ. ಕುಡಿದವನು ತಪ್ಪಿಸ್ಕೊಂಡ ಅಂದ್ರೆ ನನ್ನ ಜಾಣತನ ಅಲ್ಲ, ಎಲ್ಲೋ ಯಾರೋ ಕೆಲಸ ಅರ್ಧ ಮಾಡಿದ್ದಾರೆ ಅಂತ. ಅದೇ ಅರ್ಧ ಕೆಲಸ ನಾಳೆ ಕುಡಿಯದವನನ್ನೂ ಸಿಕ್ಕಿಸುತ್ತೆ.” ಆ ದಿನದ ಕಡತಗಳನ್ನು ನೋಡಿದ ಮೇಲೆ ನನಗೂ ಅದನ್ನು ಅಲ್ಲಗಳೆಯಲಾಗಲಿಲ್ಲ.

ಬರಬೇಕಾದವರಿಗೆ

ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದಿಂದ ನಡೆದುಬರುವಷ್ಟೇ ದೂರ. ನೋಟಿಸಿನಲ್ಲಿ ಯಾವ ನ್ಯಾಯಾಲಯವೆಂದು ಬರೆದಿದೆ, ಮೊದಲು ಅದನ್ನು ನೋಡಿಕೊಳ್ಳಿ. ಗುರುತಿನ ಚೀಟಿ, ಆರ್‌ಸಿ, ವಿಮೆ ಪತ್ರ ತನ್ನಿ. ಯಂತ್ರದ ಚೀಟಿ ಕೊಟ್ಟಿದ್ದರೆ ಅದನ್ನು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ, ಬಿಸಿಲಿಗೆ ಅಕ್ಷರ ಮಾಸುತ್ತದೆ. ವಕೀಲರ ಶುಲ್ಕ ಕೊಡಲಾಗದ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ಬಂಧನದಲ್ಲಿರುವವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರನ್ನು ಕೇಳಬಹುದು.

ಗಾಡಿ ಬಿಡಿಸಿಕೊಳ್ಳಲು ಠಾಣೆಗೆ ಹೋಗುವಾಗ ಡಿಎಲ್ ಇರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಪರವಾನಗಿ ಅಮಾನತಾದ ಮೇಲೆ ನೀವೇ ಓಡಿಸಿಕೊಂಡು ಬಂದರೆ ಅದು 182ನೇ ಸೆಕ್ಷನ್ನಿನ ಹೊಸ ಅಪರಾಧ. ಅದಕ್ಕೂ ದಂಡ ಹತ್ತು ಸಾವಿರವೇ.