ಮಗುವಿನ ಮನಸ್ಸು, ದಾನಿಯ ಹಣ

ಮಕ್ಕಳ ಮಾನಸಿಕ ಆರೋಗ್ಯವನ್ನು ಕುರಿತ ಯಾವ ಮಾತುಕತೆಯಲ್ಲೂ ಹಣದ ಪ್ರಶ್ನೆ ಬರುವ ಹೊತ್ತಿಗೆ ಕಾರ್ಯಕ್ರಮದ ಸಮಯ ಮುಗಿದಿರುತ್ತದೆ. ತೆರೆಯ ಮೇಲೆ ಉಳಿದುಹೋಗುವ ಆ ಪ್ರಶ್ನೆಯನ್ನು ಈ ಪುಟದಲ್ಲಿ ತುಸು ಬಿಡುವಾಗಿ ನೋಡೋಣ.

ಒಂಬತ್ತು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ತಂದೆಗೆ ಕುಡಿತದ ಚಟ. ತಾಯಿ ಬೆಳಿಗ್ಗೆ ಕೂಲಿಗೆ ಹೋದವಳು ಕತ್ತಲಾದ ಮೇಲೆ ಮರಳುತ್ತಾಳೆ. ಹುಡುಗ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಬಿಟ್ಟರೆ ಜಗಳ. ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಇವನಿಗೆ ನೆರವಾಗಲು ಏನು ಬೇಕು? ಎಕ್ಸ್‌ರೇ ಯಂತ್ರ ಬೇಡ, ಆಪರೇಷನ್ ಕೊಠಡಿ ಬೇಡ, ಎಷ್ಟೋ ಸಲ ಔಷಧಿಯೂ ಬೇಡ. ವಾರಕ್ಕೊಂದು ಗಂಟೆ ಅವನೊಡನೆ ಕುಳಿತು, ಆಟದ ಮೂಲಕ, ಚಿತ್ರ ಬರೆಸುವ ಮೂಲಕ ಅವನನ್ನು ಮಾತಿಗೆಳೆಯಬಲ್ಲ ತರಬೇತಿ ಪಡೆದ ಒಬ್ಬ ವ್ಯಕ್ತಿ ಬೇಕು. ಆ ವ್ಯಕ್ತಿ ತಾಯಿಯನ್ನು ಕಾಣಬೇಕು, ಶಾಲೆಯ ಮೇಷ್ಟರೊಡನೆ ಮಾತನಾಡಬೇಕು, ತಂದೆಯನ್ನು ಚಿಕಿತ್ಸೆಗೆ ಒಪ್ಪಿಸಬೇಕು. ಇದು ತಿಂಗಳುಗಟ್ಟಲೆ ನಡೆಯುವ ಕೆಲಸ. ಖರ್ಚನ್ನೆಲ್ಲ ಕೂಡಿಸಿ ನೋಡಿದರೆ ಬಹುಪಾಲು ಒಂದೇ ಬಾಬತ್ತು: ಸಂಬಳ.

ತೊಡಕು ಇರುವುದು ಇಲ್ಲಿಯೇ. ದಾನಿಗಳಿಗೆ ಕಟ್ಟಡವೆಂದರೆ ಇಷ್ಟ. ಗೋಡೆಗೆ ಅಮೃತಶಿಲೆಯ ಫಲಕ ಹಾಕಿಸಬಹುದು. ಸಂಬಳದ ಪಟ್ಟಿಗೆ ಫಲಕ ಹಾಕಿಸಲಾಗದು. (ನಮ್ಮ ಕ್ಯಾಮೆರಾದ ಸ್ವಭಾವವೂ ಇದೇ. ರಿಬ್ಬನ್ ಕತ್ತರಿಸುವುದನ್ನು ಚಿತ್ರೀಕರಿಸುವುದು ಸುಲಭ. ಮುಚ್ಚಿದ ಬಾಗಿಲಿನ ಹಿಂದೆ ಮಗುವೊಂದು ಮೊದಲ ಬಾರಿಗೆ ಮನಸ್ಸು ಬಿಚ್ಚುವುದನ್ನು ತೋರಿಸಲು ಆಗದು, ತೋರಿಸಲೂ ಬಾರದು.)

ಆದರೂ ಮಕ್ಕಳ ಮನಸ್ಸಿಗೆಂದೇ ಪ್ರತ್ಯೇಕ ಚಿಕಿತ್ಸಾಲಯಗಳು ಜಗತ್ತಿನಲ್ಲಿ ಹರಡಿದ್ದರಲ್ಲಿ ದಾನದ ಹಣದ ಪಾತ್ರ ದೊಡ್ಡದು. 1918ರಲ್ಲಿ ಅನ್ನಾ ಹಾರ್ಕ್‌ನೆಸ್ ಎಂಬ ಮಹಿಳೆ ನ್ಯೂಯಾರ್ಕಿನಲ್ಲಿ ಕಾಮನ್‌ವೆಲ್ತ್ ಫಂಡ್ ಎಂಬ ದತ್ತಿಯನ್ನು ಸ್ಥಾಪಿಸಿದರು. ಆಕೆಯ ಪತಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿ ಆರಂಭದಲ್ಲೇ ಬಂಡವಾಳ ತೊಡಗಿಸಿದವರಲ್ಲೊಬ್ಬ. ಈ ದತ್ತಿ 1922ರಲ್ಲಿ ಬಾಲಾಪರಾಧವನ್ನು ತಡೆಗಟ್ಟುವ ಐದು ವರ್ಷಗಳ ಯೋಜನೆಯೊಂದನ್ನು ಕೈಗೊಂಡಿತು. ಸೇಂಟ್ ಲೂಯಿಸ್, ಡಲ್ಲಾಸ್, ಲಾಸ್ ಏಂಜಲೀಸ್, ಫಿಲಡೆಲ್ಫಿಯಾ ಮೊದಲಾದ ನಗರಗಳಲ್ಲಿ ‘ಚೈಲ್ಡ್ ಗೈಡೆನ್ಸ್ ಕ್ಲಿನಿಕ್’, ಅಂದರೆ ಮಕ್ಕಳ ಮಾರ್ಗದರ್ಶನ ಕೇಂದ್ರಗಳು ಮಾದರಿಯಾಗಿ ತೆರೆದವು. ಮನೋವೈದ್ಯ, ಮನಶ್ಶಾಸ್ತ್ರಜ್ಞ ಮತ್ತು ಸಮಾಜ ಕಾರ್ಯಕರ್ತೆ, ಈ ಮೂವರ ತಂಡವೇ ಕೇಂದ್ರದ ಜೀವಾಳ. ತಪ್ಪು ಮಾಡಿದ ಹುಡುಗನನ್ನು ದಂಡಿಸುವ ಬದಲು ಅವನ ಮನೆ, ಶಾಲೆ, ದೇಹ, ಮನಸ್ಸು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವುದು ಅವರ ಕ್ರಮವಾಗಿತ್ತು.

ನೀವು ಗಮನಿಸಬೇಕಾದದ್ದು ಆ ದತ್ತಿ ಅನುಸರಿಸಿದ ರೀತಿಯನ್ನು. ಕೇಂದ್ರವನ್ನು ಎಂದೆಂದಿಗೂ ಸಾಕುವುದು ಅದರ ಉದ್ದೇಶವಾಗಿರಲಿಲ್ಲ. ಆರಂಭದ ಖರ್ಚನ್ನು ತಾನು ಹೊತ್ತು, ಕೆಲಸವನ್ನು ಕಣ್ಣಾರೆ ತೋರಿಸಿ, ಮುಂದಿನ ಹೊಣೆಯನ್ನು ಆ ಊರಿಗೇ ಒಪ್ಪಿಸುವುದು ಅದರ ಲೆಕ್ಕಾಚಾರ. ಜೊತೆಗೆ ಜನರ ತರಬೇತಿಗೂ ಹಣ ಕೊಟ್ಟಿತು. 1929ರಲ್ಲಿ ಲಂಡನ್ನಿನಲ್ಲಿ ಕೇಂದ್ರವೊಂದು ತೆರೆದದ್ದೂ, ಅದೇ ವರ್ಷ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಈ ಕ್ಷೇತ್ರದ ಸಮಾಜ ಕಾರ್ಯಕರ್ತರಿಗೆ ಶಿಕ್ಷಣ ಆರಂಭವಾದದ್ದೂ ಇದೇ ಹಣದಿಂದ. ಮುಂದೆ ಇಂಗ್ಲೆಂಡಿನ ಸ್ಥಳೀಯ ಶಿಕ್ಷಣ ಮಂಡಲಿಗಳು ಇಂಥ ಕೇಂದ್ರಗಳನ್ನು ತಾವೇ ನಡೆಸತೊಡಗಿದವು.

ನಮ್ಮ ದೇಶಕ್ಕೆ ಈ ವಿಚಾರ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ 1936ರಲ್ಲಿ ಮುಂಬಯಿಯಲ್ಲಿ ಸಮಾಜ ಕಾರ್ಯದ ಶಾಲೆ ಹುಟ್ಟಿತು. ಮರುವರ್ಷವೇ ಅದು ಭಾರತದ ಮೊದಲ ಮಕ್ಕಳ ಮಾರ್ಗದರ್ಶನ ಕೇಂದ್ರವನ್ನು ತೆರೆಯಿತು. ಆ ಶಾಲೆಯೇ 1944ರಿಂದ ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆ. (ಬೆಂಗಳೂರಿನ ಹಳಬರು ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವುದು ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಅದು ಬೇರೆ, ಇದು ಬೇರೆ.) ಇದೇ ಸಂಸ್ಥೆಯ ಆಶ್ರಯದಲ್ಲಿ 1996ರಲ್ಲಿ ಜೆರೂ ಬಿಲಿಮೋರಿಯಾ ಅವರು ಬೀದಿ ಮಕ್ಕಳಿಗಾಗಿ ಚೈಲ್ಡ್‌ಲೈನ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದರು. ಹತ್ತು, ಒಂಬತ್ತು, ಎಂಟು ಎಂದು ಹಿಮ್ಮುಖವಾಗಿ ಎಣಿಸಿ ನೆನಪಿಡಬಹುದಾದ 1098 ಅದರ ಸಂಖ್ಯೆ. ಒಂದು ನಗರದ ಪ್ರಯೋಗ ದೇಶದ ಸೇವೆಯಾಯಿತು, ಕೇಂದ್ರ ಸರ್ಕಾರ ಹಣದ ಹೊಣೆ ಹೊರುತ್ತ ಬಂತು. 2023ರಲ್ಲಿ ಅದು ಸಂಪೂರ್ಣವಾಗಿ ಸರ್ಕಾರಿ ವ್ಯವಸ್ಥೆಯೊಳಗೆ ಸೇರತೊಡಗಿತು. ಸಂಖ್ಯೆ ಮಾತ್ರ ಬದಲಾಗಲಿಲ್ಲ.

ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿದ್ದೀರಲ್ಲ? ಒಂದು ಚಮಚ ಹೆಪ್ಪು ಪಾತ್ರೆಯಷ್ಟು ಹಾಲನ್ನು ಮೊಸರಾಗಿಸುತ್ತದೆ. ದಾನದ ಹಣಕ್ಕೆ ಆ ಶಕ್ತಿ ಉಂಟು. ಆದರೆ ದಿನದಿನದ ಹಾಲು ಬೇರೆಲ್ಲಿಂದಲೋ ಬರಬೇಕು.

ಬಾರದಿದ್ದರೆ ಏನಾಗುತ್ತದೆ? ನಮ್ಮ ಹುಡುಗನ ಬಳಿಗೆ ಮರಳೋಣ. ಜೂನ್‌ನಲ್ಲಿ ಆಪ್ತಸಲಹೆ ಆರಂಭವಾಯಿತು ಎನ್ನಿ. ದೀಪಾವಳಿಯ ತನಕ ಅವನು ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದ, ಅಷ್ಟೇ. ಜನವರಿಯಲ್ಲಿ ಮೊದಲ ಬಾರಿ ಅಪ್ಪನ ಬಗ್ಗೆ ಒಂದು ವಾಕ್ಯ ಆಡಿದ. ಮಾರ್ಚ್ ಕೊನೆಗೆ ದಾನಿಯ ಅವಧಿ ಮುಗಿಯಿತು, ಆಪ್ತಸಲಹೆಗಾರ್ತಿಗೆ ಸಂಬಳವಿಲ್ಲ, ಆಕೆ ಬೇರೆ ಕೆಲಸ ಹುಡುಕಿಕೊಂಡರು. ಅರ್ಧಕ್ಕೆ ನಿಂತ ಸೇತುವೆಯನ್ನು ಮುಂದಿನ ವರ್ಷ ಅಲ್ಲಿಂದಲೇ ಕಟ್ಟಬಹುದು. ಈ ಕೆಲಸ ಹಾಗಲ್ಲ. ಹಿರಿಯರು ಕೈಬಿಡುತ್ತಾರೆ ಎಂಬುದನ್ನು ಮನೆಯಲ್ಲೇ ಕಲಿತ ಮಗುವಿಗೆ ಇನ್ನೊಬ್ಬ ಹಿರಿಯರೂ ಹೋದಂತಾಗುತ್ತದೆ. ಹೊಸಬರು ಬಂದರೆ ಅವನು ಮತ್ತೆ ಗೊಂಬೆಗಳಿಂದಲೇ ಆರಂಭಿಸಬೇಕು, ಆರಂಭಿಸಿದರೆ.

ಈಗಿನ ದಾನದ ಹಣದ ದೊಡ್ಡ ಮೂಲ ಕಂಪನಿಗಳು. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಗಳಿಗೆ ಖರ್ಚು ಮಾಡಬೇಕು. ಒಳ್ಳೆಯ ಕಾನೂನು. ಆದರೆ 2021ರ ತಿದ್ದುಪಡಿಯ ನಿಯಮಗಳಲ್ಲಿ ಮುಂದುವರಿಯುವ ಯೋಜನೆಯ ಅವಧಿ, ಆರಂಭದ ವರ್ಷ ಬಿಟ್ಟು, ಹೆಚ್ಚೆಂದರೆ ಮೂರು ವರ್ಷ. ಶೌಚಾಲಯ ಕಟ್ಟಲು ಇಷ್ಟು ಸಾಕು. ಒಂದು ಬಡಾವಣೆಯ ಕುಟುಂಬಗಳ ವಿಶ್ವಾಸ ಗಳಿಸಿ ಅವರ ಮಕ್ಕಳೊಡನೆ ಕೆಲಸ ಮಾಡಲು ಸಾಲದು ಎಂಬುದು ನನ್ನ ಅಭಿಪ್ರಾಯ.

ಅಗತ್ಯವೇನೂ ಸಣ್ಣದಲ್ಲ. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತು. ಐವತ್ತು ಮಂದಿಯ ತರಗತಿಗೆ ಮೂರು ನಾಲ್ಕು ಮಂದಿ ಎಂದಾಯಿತು.

ಕಾಲೇಜಿನ ಉತ್ಸವದಲ್ಲಿ ಚಂದಾ ಎತ್ತಿ ಇಂಥ ಸಂಸ್ಥೆಗೆ ಕೊಡುವ ಸಂದರ್ಭ ನಿಮಗೂ ಬರಬಹುದು. ಆಗ ಸಂಸ್ಥೆಯ ವಾರ್ಷಿಕ ವರದಿಯನ್ನು ಕೇಳಿ ಪಡೆಯಿರಿ. ಸಂಬಳದ ಖರ್ಚು ಹೆಚ್ಚೆಂದು ಗಾಬರಿಯಾಗಬೇಡಿ. ಇಲ್ಲಿ ಸಂಬಳವೇ ಔಷಧಿ. ಆಪ್ತಸಲಹೆಗಾರರು ಎಷ್ಟು ವರ್ಷದಿಂದ ಇದ್ದಾರೆ, ಈಗಿನ ನೆರವು ಯಾವಾಗ ಮುಗಿಯುತ್ತದೆ, ಆಮೇಲೆ ಯಾರು ಕೊಡುತ್ತಾರೆ, ಇವನ್ನು ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ಸಿದ್ಧವಿರುವ ಸಂಸ್ಥೆಗಳು ಕಡಿಮೆ.

ನೆರವು ನಿಮಗೇ ಬೇಕಿದ್ದರೆ, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು.