ಮನೆಗೆ ಹೊರಡುವ ಮುನ್ನ

'ನಾಳೆ ಮನೆಗೆ ಕರೆದುಕೊಂಡು ಹೋಗಬಹುದು' ಎಂದು ಡಾಕ್ಟರು ಹೇಳಿದರೆ ರೋಗಿಯ ಕಡೆಯವರಿಗೆ ಅದಕ್ಕಿಂತ ಸಂತೋಷದ ಸುದ್ದಿ ಬೇರೊಂದಿಲ್ಲ. ಬಿಲ್ ಕಟ್ಟುವುದು, ಔಷಧಿ ತರುವುದು, ಆಟೋ ಗೊತ್ತುಮಾಡುವುದು ಎಂಬ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ನಾಳೆಯಿಂದ ನೋಡಿಕೊಳ್ಳುವವರು ಯಾರು?

ಪಾರ್ಶ್ವವಾಯು ಹೊಡೆದು ಮಲಗಿದವರನ್ನೇ ತೆಗೆದುಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣು ಏಳಬಹುದು. ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದೀತು. ಆಸ್ಪತ್ರೆಯಲ್ಲಿ ನರ್ಸುಗಳು ಸರದಿಯ ಮೇಲೆ ಮಾಡುತ್ತಿದ್ದ ಕೆಲಸ ಮನೆಯಲ್ಲಿ ಒಬ್ಬರ ತಲೆಗೇ ಬೀಳುತ್ತದೆ. ದುಡಿಯುವವರು ಕೂಲಿ ಬಿಡುವಂತಿಲ್ಲ. ಕೊನೆಗೆ ಎಷ್ಟೋ ಮನೆಗಳಲ್ಲಿ ಪುಸ್ತಕ ಮುಚ್ಚಿಟ್ಟು ರೋಗಿಯ ಪಕ್ಕ ಕೂರುವವಳು ಓದುವ ಮಗಳೇ.

ಇದನ್ನೆಲ್ಲ ಮೊದಲೇ ಯೋಚಿಸಿ ದಾರಿ ತೋರಿಸಲೆಂದೇ ದೊಡ್ಡ ಆಸ್ಪತ್ರೆಗಳಲ್ಲಿ, ಮುಖ್ಯವಾಗಿ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ. ಅವರ ಕೋಣೆ ಎಲ್ಲಿದೆಯೆಂದು ಕೇಳುವವರೇ ಕಡಿಮೆ. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆ!

ನೂರು ವರ್ಷ ಮೀರಿದ ಸೇವೆ

ಈ ಸೇವೆ ಹೊಸದೇನಲ್ಲ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟುವರ್ಟ್ ಎಂಬ ಮಹಿಳೆಯನ್ನು ಇದಕ್ಕಾಗಿ ನೇಮಿಸಿತು. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಇಂಥದೇ ವ್ಯವಸ್ಥೆ ಆರಂಭಿಸಿದರು. ಕ್ಷಯ ರೋಗಿಗೆ ಒಳ್ಳೆಯ ಊಟ, ಗಾಳಿ, ವಿಶ್ರಾಂತಿ ಎಂದು ಚೀಟಿಯಲ್ಲಿ ಬರೆದರೆ ಸಾಕೇ? ಅವು ಮನೆಯಲ್ಲಿ ಇರಬೇಕಲ್ಲ! ಭಾರತದಲ್ಲಿ 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಗೆ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ.

ಮನೆಯಲ್ಲಿ ಯಾರಿದ್ದಾರೆ, ಶೌಚಾಲಯ ಎಷ್ಟು ದೂರ, ಔಷಧಿಗೆ ಹಣ ಎಲ್ಲಿಂದ ಎಂದು ಇವರು ವಿಚಾರಿಸುತ್ತಾರೆ. ಸಮೀಪದ ಆರೋಗ್ಯ ಕೇಂದ್ರ, ಅಂಗವಿಕಲರ ಗುರುತಿನ ಚೀಟಿ, ಪಿಂಚಣಿ, ನೆರವು ನೀಡುವ ಸಂಸ್ಥೆಗಳ ವಿವರ ತಿಳಿಸುತ್ತಾರೆ.

ತಿಳಿದರೆ ಸಿಗುವ ಸೌಲಭ್ಯಗಳೂ ಇವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಡಿ ಚಿಕಿತ್ಸೆ ಪಡೆದವರಿಗೆ ಡಿಸ್ಚಾರ್ಜ್ ಆದ ನಂತರದ 15 ದಿನಗಳ ಔಷಧಿ, ಪರೀಕ್ಷೆಗಳ ವೆಚ್ಚವೂ ಸೇರಿದೆ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ವಿಚಾರಿಸಬಹುದು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮತ್ತು ಮಗುವನ್ನು ಉಚಿತವಾಗಿ ಮನೆ ತಲುಪಿಸುವ ವ್ಯವಸ್ಥೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿದೆ.

ವಿದ್ಯಾರ್ಥಿಗಳಿಗೊಂದು ದಾರಿ

ಆಸ್ಪತ್ರೆಯಲ್ಲಿ ದುಡಿಯಲು ಎಂಬಿಬಿಎಸ್ ಒಂದೇ ದಾರಿಯಲ್ಲ. ಪದವಿಯ ನಂತರ ಎರಡು ವರ್ಷಗಳ ಎಂಎಸ್‌ಡಬ್ಲ್ಯು ಓದಿದವರು ಈ ಕ್ಷೇತ್ರಕ್ಕೆ ಬರಬಹುದು. ಕಲಾ ವಿಭಾಗದ ಪದವೀಧರರಿಗೂ ಇದು ತೆರೆದಿದೆ. 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಹಾಗೂ ಮಂಗಳೂರಿನ ರೋಶನಿ ನಿಲಯ ಈ ಶಿಕ್ಷಣಕ್ಕೆ ಹೆಸರಾದವು. ತರಗತಿಯ ಪಾಠದ ಜೊತೆಗೆ ಕ್ಷೇತ್ರಕಾರ್ಯವೂ ಕಡ್ಡಾಯ. ಕೇಳುವ ತಾಳ್ಮೆ, ಸ್ಥಳೀಯ ಭಾಷೆಯ ಬಳಕೆ ಇಲ್ಲಿ ಅಂಕಗಳಷ್ಟೇ ಮುಖ್ಯ.

ಪಾಲಕರಾದರೋ ಡಿಸ್ಚಾರ್ಜಿನ ದಿನದವರೆಗೆ ಕಾಯಬಾರದು. ರೋಗಿ ಚೇತರಿಸಿಕೊಳ್ಳುತ್ತಿರುವಾಗಲೇ ಕೇಳತೊಡಗಬೇಕು: ಯಾವ ಮಾತ್ರೆ, ಎಷ್ಟು ದಿನ? ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ಮತ್ತೆ ತೋರಿಸುವುದು ಯಾವಾಗ? ಮಗ್ಗುಲು ಬದಲಿಸುವುದನ್ನೂ ಗಾಯ ತೊಳೆಯುವುದನ್ನೂ ನರ್ಸಿನ ಎದುರಿಗೇ ಒಮ್ಮೆ ಮಾಡಿ ಕಲಿಯಬೇಕು. ಒಬ್ಬರಲ್ಲ, ಮನೆಯ ಇಬ್ಬರು ಮೂವರು ಕಲಿಯಬೇಕು, ಗಂಡಸರೂ ಸೇರಿ. ಹೊಣೆ ಹಂಚಿಕೊಂಡ ಮನೆಯಲ್ಲಿ ರೋಗಿಯೂ ಬೇಗ ಸುಧಾರಿಸುತ್ತಾರೆ, ಮಗಳ ಹಾಜರಿ ಪುಸ್ತಕದಲ್ಲಿ ಹೆಸರೂ ಉಳಿಯುತ್ತದೆ.