ಹಿನ್ನೆಲೆಯ ಚಿತ್ರವೂ ಕಣ್ಣಿನ ನೆಲೆಯೂ

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಸಾಗುವ ರೈಲು ಹಾದಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದಾದ ಮೇಲೊಂದು ಬರುತ್ತವೆ. ಗಾಡಿಯ ಕಿಟಕಿಯ ಬಳಿ ಕುಳಿತವನಿಗೆ ಹಳಿಯ ಪಕ್ಕದ ಕಂಬಗಳು ಬಾಣದಂತೆ ಹಿಂದಕ್ಕೆ ಓಡುತ್ತವೆ. ಅವುಗಳಾಚೆಯ ಮೆಣಸಿನಕಾಯಿಯ ಹೊಲ ನಿಧಾನವಾಗಿ ಸರಿಯುತ್ತದೆ. ದೂರದ ಗುಡ್ಡವಾದರೋ ತಾನೂ ಪಯಣ ಹೊರಟಂತೆ ಗಾಡಿಯ ಜೊತೆಯಲ್ಲಿಯೇ ಬರುತ್ತದೆ. ಮಕ್ಕಳೂ ಬಲ್ಲ ನೋಟವಿದು. ಆದರೆ ಚಲಚ್ಚಿತ್ರದಲ್ಲಿ ನಟನ ಬೆನ್ನ ಹಿಂದೆ ಇಲ್ಲದ ಊರನ್ನು ನಿಲ್ಲಿಸಹೊರಟವರ ಕಷ್ಟವೆಲ್ಲ ಈ ಒಂದು ನೋಟದಲ್ಲಿ ಅಡಗಿದೆ. ಬಟ್ಟೆಯ ಮೇಲೆ ಬರೆದ ಚಿತ್ರದಲ್ಲಿ ಕಂಬವೂ ಗುಡ್ಡವೂ ಒಂದೇ ಸಮತಲದಲ್ಲಿರುತ್ತವೆ. ಕ್ಯಾಮೆರಾ ಪಕ್ಕಕ್ಕೆ ಸರಿಯಿತೆಂದರೆ ಎರಡೂ ಒಟ್ಟಿಗೇ ಸರಿಯುತ್ತವೆ. ಮಾಯೆ ಅಲ್ಲಿಗೆ ಮುಗಿಯಿತು.

ಈ ಮಾಯೆಯ ವಿದ್ಯೆ ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ನಾಟಕ ಕಂಪನಿಗಳು ಬಂದು ಮೊಕ್ಕಾಂ ಹೂಡುತ್ತಿದ್ದ ನಾಡಿದು. ಗದುಗಿನ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಾಗಲಿ, ಗುಬ್ಬಿ ವೀರಣ್ಣನವರ ಕಂಪನಿಯಾಗಲಿ ಹೆಸರು ಗಳಿಸಿದುದು ಹಾಡು ಮಾತುಗಳಿಂದ ಮಾತ್ರವೇ ಅಲ್ಲ, ರಂಗದ ಬೆಡಗಿನಿಂದಲೂ ಹೌದು. ದರ್ಬಾರಿನ ಪರದೆ, ಬೀದಿಯ ಪರದೆ, ಕಾಡಿನ ಪರದೆ ಎಂದು ಸುರುಳಿ ಸುತ್ತಿಟ್ಟ ಬಟ್ಟೆಗಳೊಳಗೆ ಮೂರು ಲೋಕಗಳೂ ಇರುತ್ತಿದ್ದವು.

ದರ್ಬಾರಿನ ಪರದೆಯನ್ನು ಸ್ವಲ್ಪ ನಿಂತು ನೋಡಬೇಕು. ಎರಡು ಬದಿಯ ಕಂಬಗಳ ಸಾಲು ಒಳಗೊಳಗೆ ಹೋದಂತೆ ಕಿರಿದಾಗಿ, ನೆಲದ ಗೆರೆಗಳೂ ಮಾಡಿನ ಗೆರೆಗಳೂ ಒಂದು ಬಿಂದುವಿನ ಕಡೆಗೆ ಕೂಡುತ್ತವೆ. ಆ ಬಿಂದು ನೋಡುವವನ ಕಣ್ಣಿನ ಎತ್ತರದಲ್ಲಿರಬೇಕು. ಯಾರ ಕಣ್ಣು? ಚಿತ್ರಕಾರನು ಒಬ್ಬನನ್ನು ಆರಿಸಿಕೊಳ್ಳಲೇಬೇಕು. ಇಟಲಿಯ ನಿಕೋಲಾ ಸಬ್ಬತ್ತೀನಿ ಎಂಬಾತನು 1638ರಲ್ಲಿ ರಂಗಸಜ್ಜಿಕೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಚಿತ್ರವು ಸರಿಯಾಗಿ ಕಾಣುವ ಜಾಗವನ್ನು ನೋಡಿ ಅಲ್ಲಿಯೇ ರಾಜಕುಮಾರನ ಆಸನವನ್ನಿಡಬೇಕೆನ್ನುತ್ತಾನೆ. ಉಳಿದವರಿಗೆ ಅರಮನೆ ಅಷ್ಟಿಷ್ಟು ಸೊಟ್ಟಗೆ ಕಂಡರೆ ಕಾಣಲಿ! ನಮ್ಮ ತಗಡಿನ ಥಿಯೇಟರುಗಳಲ್ಲಿ ಮುಂದಿನ ಕುರ್ಚಿಯ ಸಾಹುಕಾರನಿಗೂ ನೆಲದ ಟಿಕೆಟ್ಟಿನ ರೈತನಿಗೂ ಕಂಡ ಅರಮನೆ ಒಂದೇ ಆಗಿರಲಿಲ್ಲ. ಆದರೆ ಪ್ರೇಕ್ಷಕನು ಉದಾರಿ. ಸೊಟ್ಟಗಿದ್ದುದನ್ನು ಮನಸ್ಸಿನಲ್ಲಿಯೇ ನೆಟ್ಟಗೆ ಮಾಡಿಕೊಂಡು ನೋಡುತ್ತಿದ್ದನು.

ಕ್ಯಾಮೆರಾಕ್ಕೆ ಆ ಔದಾರ್ಯವಿಲ್ಲ. ಗುಬ್ಬಿ ಕಂಪನಿಯ ನಾಟಕವಾಗಿದ್ದ ‘ಬೇಡರ ಕಣ್ಣಪ್ಪ’ 1954ರಲ್ಲಿ ಚಿತ್ರವಾಗಿ ಬಂದಿತಷ್ಟೆ. ಹೀಗೆ ರಂಗದ ಕತೆಗಳು ತೆರೆಗೆ ಏರಿದಾಗ ಸಾವಿರ ಕಣ್ಣುಗಳ ಜಾಗದಲ್ಲಿ ಒಂದೇ ಕಣ್ಣು ಬಂದು ಕುಳಿತಿತು. ಅದು ಎಲ್ಲಿದೆಯೋ ಹಿನ್ನೆಲೆಯ ಚಿತ್ರವೂ ಅಲ್ಲಿಂದಲೇ ಕಂಡುದಾಗಿರಬೇಕು. ಇದರಲ್ಲಿ ಮುಖ್ಯವಾದುದು ದಿಗಂತರೇಖೆ. ರಾಣೆಬೆನ್ನೂರಿನ ಕಡೆಯ ಬಯಲಿನಲ್ಲಿ ನಿಂತು ನೋಡಿದರೆ ಬಾನಂಚು ನಮ್ಮ ಕಣ್ಣಿನ ಮಟ್ಟದಲ್ಲಿರುತ್ತದೆ. ಕುಳಿತರೆ ಅದೂ ನಮ್ಮೊಡನೆ ಕುಳಿತುಕೊಳ್ಳುತ್ತದೆ. ಕ್ಯಾಮೆರಾವನ್ನು ಎದೆಯ ಎತ್ತರಕ್ಕೆ ನಿಲ್ಲಿಸಿದರೆ, ಸಮನೆಲದ ಮೇಲೆ ಹತ್ತಿರ ನಿಂತವನಿಗೂ ದೂರ ನಿಂತವನಿಗೂ ದಿಗಂತವು ಎದೆಯ ಮಟ್ಟದಲ್ಲಿಯೇ ಹಾಯುತ್ತದೆ. ಕ್ಯಾಮೆರಾ ಮುಖದ ಎತ್ತರದಲ್ಲಿದ್ದು, ಹಿಂದಿನ ಚಿತ್ರದ ದಿಗಂತ ನಟನ ಮೊಣಕಾಲಿಗೆ ಬಂದಿತೋ, ಅವನು ಆ ನೆಲಕ್ಕೆ ಸೇರಿದವನಂತೆ ತೋರುವುದಿಲ್ಲ. ಏಕೆಂದು ಹೇಳಲು ಬಾರದಿದ್ದರೂ ನೋಡುವವನಿಗೆ ಏನೋ ತಪ್ಪಿದೆಯೆಂದು ತಿಳಿಯುತ್ತದೆ. ದೂರದ ಲೆಕ್ಕವೂ ಬೆಳಕಿನ ದಿಕ್ಕೂ ಇದರಂತೆಯೇ ಹೊಂದಬೇಕು.

‘ಕಿಂಗ್ ಕಾಂಗ್’ (1933) ಮೊದಲಾದ ಚಿತ್ರಗಳಲ್ಲಿ, ಮೊದಲೇ ತೆಗೆದ ದೃಶ್ಯವನ್ನು ಪಾರದರ್ಶಕದಂತಹ ಪರದೆಯ ಹಿಂದಿನಿಂದ ಬೀರಿ, ಮುಂದೆ ನಟರನ್ನು ನಿಲ್ಲಿಸಿ ಚಿತ್ರ ತೆಗೆದರು. ಹಿನ್ನೆಲೆ ಚಲಿಸಿತು, ನಿಜ. ಆದರೆ ಮೊದಲ ಕ್ಯಾಮೆರಾ ಎಲ್ಲಿತ್ತೋ ಎರಡನೆಯದೂ ಅದಕ್ಕೆ ಹೊಂದಿಯೇ ನಿಲ್ಲಬೇಕು. ಅಲುಗಾಡಿದರೆ ಗುಟ್ಟು ರಟ್ಟು.

2019ರ ‘ದಿ ಮ್ಯಾಂಡಲೋರಿಯನ್’ ಮಾಲೆಯಿಂದ ಹೆಸರಾದ ಈಚಿನ ವಿಧಾನ ಈ ಗಂಟನ್ನು ಬೇರೆ ರೀತಿ ಬಿಡಿಸಿತು. ನಟರ ಸುತ್ತ ಎಲ್‌ಇಡಿ ದೀಪಗಳ ಗೋಡೆ. ಕ್ಯಾಮೆರಾ ಎಲ್ಲಿದೆ, ಎತ್ತ ನೋಡುತ್ತಿದೆ ಎಂಬುದನ್ನು ಸಂವೇದಕಗಳು ಕ್ಷಣಕ್ಷಣಕ್ಕೂ ಅಳೆದು ತಿಳಿಸುತ್ತವೆ. ಗಣಕಯಂತ್ರವು ಆ ನೆಲೆಯಿಂದ ಕಾಣತಕ್ಕ ಚಿತ್ರವನ್ನು ಸೆಕೆಂಡಿಗೆ ಹತ್ತಾರು ಬಾರಿ ಹೊಸದಾಗಿ ಬರೆಯುತ್ತದೆ. ಕಂಬ ಬೇಗ ಸರಿಯುತ್ತದೆ, ಗುಡ್ಡ ನಿಲ್ಲುತ್ತದೆ. ಲೆಕ್ಕ ತುಸು ತಡವಾದರೂ ಹಿನ್ನೆಲೆ ನೀರಿನಲ್ಲಿ ತೇಲಿದಂತೆ ಹಿಂದೆ ಬೀಳುತ್ತದೆ.

ನನಗೆ ವಿಚಿತ್ರವೆನಿಸುವುದು ಬೇರೊಂದು ಸಂಗತಿ. ಕ್ಯಾಮೆರಾಕ್ಕೆ ಸರಿಯಾಗಿರುವ ಆ ಚಿತ್ರ ಅದೇ ಕೋಣೆಯಲ್ಲಿ ಪಕ್ಕಕ್ಕೆ ನಿಂತವನಿಗೆ ಸೊಟ್ಟ. ಸಬ್ಬತ್ತೀನಿಯ ರಾಜಕುಮಾರನ ಆಸನಕ್ಕೆ ಗಾಲಿ ಬಂದಿದೆ, ಅಷ್ಟೆ; ಆಸನ ಈಗಲೂ ಒಂದೇ. ನಟನು ದೂರದ ಗುಡ್ಡವನ್ನು ಕಂಡು ಕಣ್ಣೀರಿಡಬೇಕಾದರೆ, ಅವನ ಕಣ್ಣಿಗೆ ಗುಡ್ಡ ಒಂದೆಡೆ, ಕ್ಯಾಮೆರಾದ ಕಣ್ಣಿಗೆ ಇನ್ನೊಂದೆಡೆ. ಎತ್ತ ನೋಡಬೇಕೆಂದು ಅವನಿಗೆ ಗುರುತು ಹಾಕಿ ತೋರಿಸಬೇಕಾಗುತ್ತದೆ. ಬಣ್ಣದ ಪರದೆಯ ಮುಂದೆ ನಿಂತ ಕಂಪನಿಯ ನಟನು ಹಿಂದಿನ ಚಿತ್ರಕ್ಕೆ ಬೆನ್ನು ಹಾಕಿ ಜನರ ಮುಖವನ್ನೇ ನೋಡಿ ಅಳುತ್ತಿದ್ದನು. ಅವನಿಗೆ ಆ ತೊಡಕಿರಲಿಲ್ಲ.

ಹಳ್ಳಿಯ ಜಾತ್ರೆಗಳ ನಾಟಕಗಳಲ್ಲಿ ಈಗ ಬರೆದ ಪರದೆಯ ಬದಲು ಯಂತ್ರದಲ್ಲಿ ಮುದ್ರಿಸಿದ ಪರದೆಯೂ ಬರುತ್ತಿದೆ. ಬಣ್ಣ ಕೋರೈಸುತ್ತದೆ, ಅರಮನೆಯ ಛಾಯಾಚಿತ್ರ ಮಾತ್ರ ಯಾವುದೋ ಎತ್ತರದ ಮಾಳಿಗೆಯಿಂದ ತೆಗೆದುದು. ಅದರ ಮುಂದೆ ನಿಂತ ದುರ್ಯೋಧನನ ಕಾಲಡಿಯ ನೆಲ ಹಿಂದಿನ ಅಂಗಳಕ್ಕೆ ಎಲ್ಲಿಯೂ ಸೇರುವುದಿಲ್ಲ. ಕೈಯಿಂದ ಬರೆಯುವವನಾಗಿದ್ದರೆ ಕುಂಚ ಹಿಡಿಯುವ ಮೊದಲು ರಂಗದ ಎತ್ತರವೆಷ್ಟು, ಜನ ಕುಳಿತುಕೊಳ್ಳುವುದು ಚಾಪೆಯ ಮೇಲೋ ಕುರ್ಚಿಯ ಮೇಲೋ ಎಂದು ಕೇಳಬೇಕಾಗಿತ್ತು. ದೀಪದ ಗೋಡೆಯ ಮುಂದೆ ಕುಳಿತ ತಂತ್ರಜ್ಞನು ಇಂದು ಯಂತ್ರವನ್ನು ಕೇಳುತ್ತಿರುವುದೂ ಅದನ್ನೇ.